ಮದ್ಯಪಾನ ಮತ್ತು ನಮ್ಮ ಮನೆಗಳು

(ರಾಯಚೂರು ತಾಲೂಕಿನ ಕಲ್ಮಲದಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮದ್ಯಪಾನದ ಕುರಿತು ಮುಸ್ಲಿಮರ ಸಭೆಯಲ್ಲಿ ಮಾತನಾಡಬೇಕಾದ ಅಗತ್ಯವೇನಿದೆ ಎಂದು ಕೆಲವರಿಗೆ ಅನಿಸಬಹುದು. ಮದ್ಯ ಹರಾಮ್ ಎಂಬುದು ಮಕ್ತಬ್‌ಗೆ ಹೋಗುವ ಮಗುವಿಗೂ ಗೊತ್ತಿದೆ. ಗೊತ್ತಿರುವುದು ಬೇರೆ, ಬದುಕಿನಲ್ಲಿ ಇರುವುದು ಬೇರೆ. ರಾಯಚೂರು, ದೇವದುರ್ಗ, ಮಾನ್ವಿಗಳ ನಡುವಿನ ಈ ಪ್ರದೇಶದಲ್ಲಿ ಸಂಜೆಯ ಹೊತ್ತು ಮದ್ಯದಂಗಡಿಯ ಮುಂದೆ ನಿಂತವರ ಪೈಕಿ ನಮ್ಮವರು ಯಾರೂ ಇಲ್ಲವೆಂದು ಎದೆ ತಟ್ಟಿ ಹೇಳುವ ಧೈರ್ಯ ನಮಗಿದೆಯೇ? ಇಲ್ಲವಾದರೆ, 'ನಮ್ಮಲ್ಲಿ ಇದು ಇಲ್ಲ' ಎಂಬ ಸಮಾಧಾನವನ್ನು ಮೊದಲು ಬಿಡಬೇಕಾಗುತ್ತದೆ. ಆ ಸಮಾಧಾನದ ಬೆಲೆಯನ್ನು ತೆರುತ್ತಿರುವವರು ನಮ್ಮದೇ ಹೆಣ್ಣುಮಕ್ಕಳು.

ಅರಬಿ ಭಾಷೆಯಲ್ಲಿ ಮದ್ಯಕ್ಕೆ 'ಖಮ್ರ್' ಎನ್ನುತ್ತಾರೆ. ಮುಚ್ಚುವುದು ಎಂಬುದು ಅದರ ಮೂಲಾರ್ಥ. ತಲೆಯನ್ನು ಮುಚ್ಚುವ ವಸ್ತ್ರ 'ಖಿಮಾರ್' ಆದರೆ ಬುದ್ಧಿಯನ್ನು ಮುಚ್ಚುವ ವಸ್ತು ಖಮ್ರ್. ಬುದ್ಧಿಯನ್ನು ಮುಚ್ಚುವುದೆಲ್ಲವೂ ಖಮ್ರ್ ಎಂದು ಖಲೀಫಾ ಉಮರ್(ರ) ವಿವರಿಸಿದ್ದರು. ಈ ಮಾತು ನಮ್ಮ ಜಿಲ್ಲೆಗೆ ಬಹಳ ಮುಖ್ಯ. ಏಕೆಂದರೆ ಇಲ್ಲಿ ಬಾಟಲಿಯ ಮದ್ಯವನ್ನು ಪಾಪವೆಂದು ದೂರವಿಡುವ ಕೆಲವರೂ ಸೇಂದಿಯನ್ನು ಮಾತ್ರ 'ಮರದ ರಸ, ದೇಹಕ್ಕೆ ತಂಪು' ಎಂದು ಸಮರ್ಥಿಸುತ್ತಾರೆ.

ಆ ಸೇಂದಿಯಲ್ಲಿ ಇರುವುದೇನು? ಕರಾವಳಿಯನ್ನು ಬಿಟ್ಟರೆ ರಾಜ್ಯದಲ್ಲಿ ಸೇಂದಿ ಮಾರಾಟಕ್ಕೆ ಅನುಮತಿಯಿಲ್ಲ. ಆದರೂ ಗಡಿ ಭಾಗದಲ್ಲಿ ಅದು ಕಳ್ಳತನದಿಂದ ಬಿಕರಿಯಾಗುತ್ತಿದೆ. ಮಾರಾಟವಾಗುವಷ್ಟು ಸೇಂದಿಯನ್ನು ಕೊಡಲು ಮರಗಳೆಲ್ಲಿವೆ? ನೀರಿಗೆ ಸಕ್ಕರೆ ಅಥವಾ ಸ್ಯಾಕರೀನ್ ಬೆರೆಸಿ, ಮತ್ತಿಗಾಗಿ 'ಸಿ.ಎಚ್. ಪೌಡರ್' ಹಾಕಿ ಸೇಂದಿಯೆಂದು ಕೊಡಲಾಗುತ್ತದೆ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. 1832ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ತಯಾರಿಸಿದ ಈ ವಸ್ತುವನ್ನು 1869ರಿಂದ ವೈದ್ಯರು ನಿದ್ರೆಯ ಔಷಧವಾಗಿ ಬಳಸಿದರು. ಪ್ರಮಾಣ ತುಸು ಹೆಚ್ಚಾದರೂ ಉಸಿರಾಟ ಕುಂದುತ್ತದೆ, ಹೃದಯದ ಬಡಿತ ತಪ್ಪುತ್ತದೆ. ವೈದ್ಯರೇ ಅಳೆದು ಕೊಡಲು ಅಂಜುವ ವಸ್ತುವನ್ನು ಇಲ್ಲಿ ಕೈಯಳತೆಯಲ್ಲಿ ಕೊಡದೊಳಗೆ ಸುರಿಯಲಾಗುತ್ತಿದೆ. ಅಷ್ಟೇ ಅಲ್ಲ, ಇದಕ್ಕೆ ಅಂಟಿಕೊಂಡವನು ಒಂದು ದಿನ ಕುಡಿಯದಿದ್ದರೆ ಕೈಕಾಲು ನಡುಗುತ್ತವೆ, ಮಾತು ತಪ್ಪುತ್ತದೆ, ಫಿಟ್ಸ್ ಬರುತ್ತದೆ. 2015ರಲ್ಲಿ ನೆರೆಯ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ಕ್ರಮ ಬಿಗಿಯಾದಾಗ, ಸೇಂದಿ ಸಿಗದೆ ಬುದ್ಧಿ ಕದಡಿದವರು ಗುಂಪು ಗುಂಪಾಗಿ ಆಸ್ಪತ್ರೆ ಸೇರಿದ್ದರು. 2025ರ ಜುಲೈಯಲ್ಲಿ ಹೈದರಾಬಾದ್‌ನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಪ್ರಾಣ ಕಳೆದುಕೊಂಡರು.

ಅಂಗಡಿಯಲ್ಲಿ ಪರವಾನಗಿಯೊಂದಿಗೆ ಸಿಗುವ ಮದ್ಯ ಇದಕ್ಕಿಂತ ಕ್ಷೇಮವೆಂದು ಭಾವಿಸಬೇಕಾಗಿಲ್ಲ. ಮದ್ಯವು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಘೋಷಿಸಿದೆ. ಆರೋಗ್ಯಕ್ಕೆ ಹಾನಿಯಿಲ್ಲದ ಕುಡಿತದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿತು. 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 26 ಲಕ್ಷ ಮಂದಿ ಮದ್ಯದ ಕಾರಣದಿಂದ ಸತ್ತರೆಂಬುದು ಅದೇ ಸಂಸ್ಥೆಯ ಅಂದಾಜು. ನಮ್ಮ ದೇಶದಲ್ಲಿ ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಮಂದಿಗೆ ಚಿಕಿತ್ಸೆಯೋ ನೆರವೋ ಬೇಕಾಗಿದೆ. ಇಷ್ಟು ಜನರ ಹಿಂದೆ ಎಷ್ಟು ಮನೆಗಳಿವೆಯೆಂದು ಲೆಕ್ಕ ಹಾಕಿರಿ.

ಒಂದು ಮನೆಯ ಲೆಕ್ಕವನ್ನೇ ನೋಡೋಣ. ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿಯಾಗಿರುವವನೋ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನೋ ದಿನಕ್ಕೆ 600 ರೂಪಾಯಿ ದುಡಿಯುತ್ತಾನೆ ಎಂದಿಟ್ಟುಕೊಳ್ಳಿ. ಅದರಲ್ಲಿ 200 ರೂಪಾಯಿ ಕುಡಿತಕ್ಕೆ ಹೋದರೆ ತಿಂಗಳಿಗೆ 6,000, ವರ್ಷಕ್ಕೆ 73,000 ರೂಪಾಯಿ. ಗೃಹಲಕ್ಷ್ಮಿ ಯೋಜನೆಯಲ್ಲಿ ಹೆಂಡತಿಯ ಖಾತೆಗೆ ತಿಂಗಳಿಗೆ ಬರುವ 2,000 ರೂಪಾಯಿ ಅವನ ಹತ್ತು ದಿನದ ಕುಡಿತಕ್ಕೆ ಸಮ. ಕುಡಿದವನು ಮರುದಿನ ಕೆಲಸಕ್ಕೆ ಹೋಗುವುದಿಲ್ಲ, ಕೂಲಿಯೂ ತಪ್ಪುತ್ತದೆ. ಆಮೇಲೆ ಅಂಗಡಿಯ ಸಾಲ, ಬಡ್ಡಿಯ ಸಾಲ, ಕೊನೆಗೆ ಹೆಂಡತಿಯ ಕಿವಿಯೋಲೆ. ಶಾಲೆ ಬಿಡುವ ಮೊದಲ ಮಗು ಸಾಮಾನ್ಯವಾಗಿ ದೊಡ್ಡ ಮಗಳು. ತಾಯಿ ಕೂಲಿಗೆ ಹೋದರೆ ಮನೆ ನೋಡಿಕೊಳ್ಳುವವರು ಬೇಕಲ್ಲವೇ?

ಹಣದ ಲೆಕ್ಕ ಹೇಗೋ ಸಿಗುತ್ತದೆ. ಭಯದ ಲೆಕ್ಕ ಸಿಗುವುದಿಲ್ಲ. ಸಂಜೆ ತಂದೆಯ ಹೆಜ್ಜೆಯ ಸದ್ದಿನಿಂದಲೇ ಅಂದಿನ ರಾತ್ರಿ ಹೇಗಿರುವುದೆಂದು ಅಳೆಯುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಗಂಡನ ಕೈಯಿಂದ ಆದ ಗಾಯವನ್ನು ಸೆರಗಿನಲ್ಲಿ ಮುಚ್ಚಿಕೊಂಡು, 'ಮೆಟ್ಟಿಲಲ್ಲಿ ಜಾರಿದೆ' ಎನ್ನುವ ಸಹೋದರಿಯರಿದ್ದಾರೆ. ನೆರೆಮನೆಯ ಬೇರೆ ಧರ್ಮದ ಹೆಣ್ಣು ತನ್ನ ಗಂಡ ಕುಡಿಯುತ್ತಾನೆಂದು ಬಾಯಿಬಿಟ್ಟು ಹೇಳಿ ಅಳಬಲ್ಲಳು. ನಮ್ಮ ಸಹೋದರಿಗೆ ಅದೂ ಸಾಧ್ಯವಿಲ್ಲ. ಹೇಳಿದರೆ ಮನೆತನದ ಮರ್ಯಾದೆ ಹೋಗುತ್ತದೆ, ಹೆಣ್ಣುಮಕ್ಕಳಿಗೆ ಸಂಬಂಧ ಬರುವುದಿಲ್ಲ, ಜಮಾಅತ್‌ನಲ್ಲಿ ಮಾತಾಗುತ್ತದೆ. ಹರಾಮ್ ಎಂಬ ಶಬ್ದ ಕುಡಿಯುವವನನ್ನು ತಡೆಯಲಿಲ್ಲ. ನೋವು ಉಂಡವಳ ಬಾಯಿಯನ್ನು ಮಾತ್ರ ಕಟ್ಟಿತು. ಇದು ಧರ್ಮದ ದೋಷವಲ್ಲ. ಧರ್ಮವನ್ನು ನಾವು ಬಳಸಿದ ರೀತಿಯ ದೋಷ.

ಇದೇ ಜಿಲ್ಲೆಯ ಬಡ ಮಹಿಳೆಯರು ಮೌನ ಮುರಿದುದನ್ನು ಇಲ್ಲಿ ಸ್ಮರಿಸಬೇಕು. 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟ ಸಾವಿರಾರು ಮಹಿಳೆಯರು ಸುಮಾರು 200 ಕಿಲೋಮೀಟರ್ ನಡೆದು ಜನವರಿ 30ರಂದು ಬೆಂಗಳೂರು ತಲುಪಿದರು. ಮದ್ಯ ನಿಷೇಧ ಆಂದೋಲನದ ಆ ಪಾದಯಾತ್ರೆಯಲ್ಲಿ ರಾಯಚೂರು ಜಿಲ್ಲೆಯ ಕೂಲಿಕಾರ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿದ್ದರು. ದಾರಿಯಲ್ಲಿ ಅಪಘಾತಕ್ಕೀಡಾಗಿ ಒಬ್ಬ ಮಹಿಳೆ ಪ್ರಾಣ ಬಿಟ್ಟರು. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ ನಡೆಯುವ ಅಕ್ರಮ ಮಾರಾಟವನ್ನು ನಿಲ್ಲಿಸಿ, ಊರಿಗೆ ಮದ್ಯ ಬೇಕೋ ಬೇಡವೋ ಎಂದು ಹೇಳುವ ಹಕ್ಕನ್ನು ಊರಿಗೇ ಕೊಡಿ ಎಂಬುದು ಅವರ ಬೇಡಿಕೆಗಳಲ್ಲಿ ಸೇರಿತ್ತು. ಇದೇನು ಅಸಾಧ್ಯದ ಮಾತೇ? ನೆರೆಯ ಮಹಾರಾಷ್ಟ್ರದಲ್ಲಿ ಮತದಾನದ ಮೂಲಕ ಮದ್ಯದಂಗಡಿಯನ್ನು ಮುಚ್ಚಿಸುವ ಅವಕಾಶ ಮಹಿಳೆಯರಿಗಿದೆ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರಲ್ಲಿ ಅಕ್ಷರ ಕಲಿಯಲು ಕುಳಿತ ಹೆಣ್ಣುಮಕ್ಕಳು ಸಾರಾಯಿಯ ವಿರುದ್ಧ ಎದ್ದು ನಿಂತರು. ಮರುವರ್ಷವೇ ಅಲ್ಲಿ ಸಾರಾಯಿ ನಿಷೇಧವಾಯಿತು.

ಸರಕಾರಗಳ ವಿಷಯಕ್ಕೆ ಬಂದರೆ, ಸಂವಿಧಾನದ 47ನೆಯ ವಿಧಿಯು ಪಾನನಿಷೇಧಕ್ಕಾಗಿ ಶ್ರಮಿಸುವಂತೆ ಪ್ರಭುತ್ವಕ್ಕೆ ನಿರ್ದೇಶಿಸುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಬಡ ಕುಟುಂಬಗಳು ನಿಟ್ಟುಸಿರು ಬಿಟ್ಟವು. ಆದರೆ ಸಾರಾಯಿಯ ಜಾಗವನ್ನು ಅಗ್ಗದ ವಿಸ್ಕಿ, ರಮ್ಮುಗಳು ತುಂಬಿದವು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಮಂದಿ ಸತ್ತರು. ಪಕ್ಷಗಳು ಬದಲಾದವು, ಮುಖ್ಯಮಂತ್ರಿಗಳು ಬದಲಾದರು. ಅಬಕಾರಿ ಆದಾಯದ ಗುರಿ ಮಾತ್ರ ಏರುತ್ತಲೇ ಹೋಯಿತು. 2025-26ರ ಬಜೆಟ್‌ನಲ್ಲಿ ಆ ಗುರಿ 40,000 ಕೋಟಿ ರೂಪಾಯಿ. ಒಂದು ಕೈಯಿಂದ ಗೃಹಿಣಿಗೆ ಕೊಟ್ಟು, ಇನ್ನೊಂದು ಕೈಯಿಂದ ಅವಳ ಗಂಡನ ಜೇಬಿನಿಂದ ತೆಗೆದುಕೊಳ್ಳುವುದನ್ನು ಕಲ್ಯಾಣವೆಂದು ಹೇಗೆ ಕರೆಯೋಣ? ಮದ್ಯದಿಂದ ಸಮಾಜಕ್ಕಾಗುವ ನಷ್ಟವು ಅಬಕಾರಿ ಆದಾಯದ ದುಪ್ಪಟ್ಟಿಗೂ ಹೆಚ್ಚೆಂದು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಕರ್ನಾಟಕದ ಕುರಿತ ಅಧ್ಯಯನದಲ್ಲಿ ಹಿಂದೆಯೇ ತೋರಿಸಿಕೊಟ್ಟಿದ್ದರು.

ಸರಕಾರವನ್ನು ಟೀಕಿಸುವುದು ಸುಲಭ. ನಮ್ಮ ಪಾಲಿನ ಕರ್ತವ್ಯವೇನು?

ಮೊದಲನೆಯದಾಗಿ, ಕುಡಿತದ ಚಟವು ಪಾಪವಷ್ಟೇ ಅಲ್ಲ, ಅದೊಂದು ಕಾಯಿಲೆಯೂ ಹೌದೆಂಬುದನ್ನು ಅರ್ಥ ಮಾಡಿಕೊಳ್ಳಬೇಕು. ವರ್ಷಗಟ್ಟಲೆ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋದರೆ ಎರಡು ಮೂರು ದಿನಗಳೊಳಗೆ ಫಿಟ್ಸ್, ಭ್ರಮೆ ಉಂಟಾಗಿ ಪ್ರಾಣವೇ ಹೋಗಬಹುದು. ಆದ್ದರಿಂದ ವೈದ್ಯರ ನಿಗಾ ಅತ್ಯಗತ್ಯ. ರಾಯಚೂರಿನ ರಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಲು ನಾಚಿಕೆ ಬೇಡ. ವ್ಯಸನಮುಕ್ತಿಗಾಗಿ 14446, ಮಾನಸಿಕ ನೆರವಿಗಾಗಿ 14416 ಎಂಬ ಉಚಿತ ಸಹಾಯವಾಣಿಗಳಿವೆ. ತಾಯಿತ ಕಟ್ಟಿಸುವುದಾಗಲಿ, ಅವನಿಗೆ ತಿಳಿಯದಂತೆ ಊಟದಲ್ಲಿ ಯಾವುದೋ ಪುಡಿ ಬೆರೆಸುವುದಾಗಲಿ ಚಿಕಿತ್ಸೆಯಲ್ಲ.

ಎರಡನೆಯದಾಗಿ, 'ಮದುವೆ ಮಾಡಿದರೆ ಸರಿಹೋಗುತ್ತಾನೆ' ಎಂಬ ಮಾತನ್ನು ನಮ್ಮ ಸಮುದಾಯದಿಂದ ಹೊರಗಟ್ಟಬೇಕು. ಮಗನ ಚಟವನ್ನು ಮುಚ್ಚಿಟ್ಟು ಪರರ ಮಗಳನ್ನು ತರುವುದು ವಂಚನೆ. ಬೀಗರಾಗುವವರು ವಿಚಾರಿಸಿದಾಗ ಗೊತ್ತಿದ್ದೂ ಸುಳ್ಳು ಹೇಳುವ ನೆರೆಯವನೂ ಆ ವಂಚನೆಯಲ್ಲಿ ಪಾಲುದಾರ.

ಮೂರನೆಯದಾಗಿ, ಹೊಡೆತ ತಿನ್ನುವ ಸಹೋದರಿಗೆ 'ಸಬರ್ ಮಾಡು' ಎಂದಷ್ಟೇ ಹೇಳಿ ಕಳುಹಿಸಬಾರದು. ಸಹನೆಯನ್ನು ಬೋಧಿಸುವವರು ಅವಳ ರಕ್ಷಣೆಯ ಹೊಣೆಯನ್ನೂ ಹೊರಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಗಂಡನ ಮನೆಯಲ್ಲೇ ವಾಸಿಸುವ ಹಕ್ಕನ್ನೂ ರಕ್ಷಣೆಯನ್ನೂ ಅವಳಿಗೆ ನೀಡುತ್ತದೆ. ಮಸೀದಿಯ ಕಮಿಟಿಗಳು ಝಕಾತ್, ಸದಕಾಗಳಿಂದ ಇಂತಹ ಮನೆಗಳ ಮಕ್ಕಳ ಶಾಲಾ ಖರ್ಚನ್ನು ವಹಿಸಿಕೊಳ್ಳಲಿ. ಆದರೆ ಹಣವನ್ನು ಕುಡುಕನ ಕೈಗೆ ಕೊಡದೆ ತಾಯಿಯ ಕೈಗೋ ಶಾಲೆಗೋ ತಲುಪಿಸಲಿ.

ನಾಲ್ಕನೆಯದಾಗಿ, ಕುಡಿತದಲ್ಲಿ ಬಿದ್ದವನನ್ನು ಶಪಿಸಿ ದೂರ ತಳ್ಳುವುದನ್ನು ನಿಲ್ಲಿಸಬೇಕು. ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಒಬ್ಬ ವ್ಯಕ್ತಿಯನ್ನು ಮದ್ಯಪಾನದ ಅಪರಾಧಕ್ಕಾಗಿ ಮತ್ತೆ ಮತ್ತೆ ಹಿಡಿದು ತರಲಾಗುತ್ತಿತ್ತು. ಒಮ್ಮೆ ಸಭೆಯಲ್ಲಿದ್ದವನೊಬ್ಬ ಅವನನ್ನು ಶಪಿಸಿದಾಗ ಪ್ರವಾದಿಯವರು ತಡೆದರು. ಆತನಿಗೆ ಅಲ್ಲಾಹನ ಮತ್ತು ಪ್ರವಾದಿಯ ಮೇಲೆ ಪ್ರೀತಿಯಿದೆ ಎಂದು ಆತನ ಪರವಾಗಿ ಸಾಕ್ಷ್ಯ ನುಡಿದರು. ಶಿಕ್ಷೆ ತಪ್ಪಲಿಲ್ಲ, ಆದರೆ ಬಾಗಿಲೂ ಮುಚ್ಚಲಿಲ್ಲ. ನಾವಾದರೋ ಬಾಗಿಲು ಮುಚ್ಚುತ್ತೇವೆ. ಬಡವನಾದರೆ ಬಹಿಷ್ಕಾರ ಹಾಕುತ್ತೇವೆ, ಶ್ರೀಮಂತನಾದರೆ ಮುಂದಿನ ಕುರ್ಚಿ ಕೊಡುತ್ತೇವೆ.

ಮದ್ಯ ನಿಷೇಧವು ಮದೀನಾದಲ್ಲಿ ಒಂದೇ ದಿನಕ್ಕೆ ಬಂದಿರಲಿಲ್ಲ. ಮೊದಲು ಅದರ ಹಾನಿಯನ್ನು ತಿಳಿಸಲಾಯಿತು, ಅನಂತರ ಮತ್ತಿನಲ್ಲಿ ನಮಾಝ್‌ಗೆ ಬರದಂತೆ ತಡೆಯಲಾಯಿತು, ಮನಸ್ಸುಗಳು ಸಿದ್ಧವಾದ ಮೇಲೆ ಪೂರ್ಣ ನಿಷೇಧ ಬಂತು. ಆಗ ಜನರೇ ತಮ್ಮ ಮನೆಗಳ ಮದ್ಯವನ್ನು ಬೀದಿಗೆ ಸುರಿದರು. ಮನಸ್ಸನ್ನು ಕಟ್ಟುವ ಆ ಕೆಲಸ ಇಂದು ನಮ್ಮ ಮೇಲಿದೆ.

ಆದ್ದರಿಂದ ಈ ಸಭೆಯಿಂದ ಮರಳುವಾಗ ಒಂದು ನಿರ್ಧಾರ ಮಾಡಿಕೊಂಡು ಹೋಗೋಣ. ನಮ್ಮ ಓಣಿಯಲ್ಲಿ ಈ ಸಂಕಟದಲ್ಲಿರುವ ಒಂದು ಮನೆಯನ್ನಾದರೂ ಗುರುತಿಸೋಣ. ಆ ಮನೆಯ ತಾಯಿಯ ಮಾತನ್ನು ನಮ್ಮ ಮನೆಯ ಹೆಂಗಸರು ಹೋಗಿ ಕೇಳಲಿ. ಆ ಮನೆಯ ಗಂಡಸನ್ನು ಅವನು ಸ್ವಸ್ಥನಾಗಿರುವ ಬೆಳಗಿನ ಹೊತ್ತು ಭೇಟಿಯಾಗಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ ಭರವಸೆ ಕೊಡೋಣ. ಮೊದಲ ಸಲ ಅವನು ನಿರಾಕರಿಸಬಹುದು, ಚಿಕಿತ್ಸೆಯ ನಂತರ ಮತ್ತೆ ಜಾರಬಹುದು, ಆಗಲೂ ಕೈಬಿಡದಿರೋಣ. ನೆರೆಯವರು ಹಿಂದೂಗಳಾಗಿರಲಿ, ಮುಸ್ಲಿಮರಾಗಿರಲಿ, ಅಕ್ರಮ ಮಾರಾಟದ ವಿರುದ್ಧ ಗ್ರಾಮಸಭೆಯಲ್ಲಿ ಧ್ವನಿಯೆತ್ತುವ ಮಹಿಳೆಯರ ಜೊತೆ ನಿಲ್ಲೋಣ.

ಅಲ್ಲಾಹನು ನಮ್ಮ ಮನೆಗಳನ್ನು ಈ ಕೆಡುಕಿನಿಂದ ಕಾಪಾಡಲಿ, ಬಿದ್ದವರನ್ನು ಎತ್ತುವ ಶಕ್ತಿಯನ್ನು ನಮಗೆ ದಯಪಾಲಿಸಲಿ. ಆಮೀನ್.