ಬೂದಿ ಬಿದ್ದದ್ದು ಎಲ್ಲರ ಮೇಲೆ, ಬಳಿದವರು ಯಾರು?

(ಬೈಲಹೊಂಗಲದಲ್ಲಿ ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದಲೂ ಬಂದ ಕಾಮಗಾರರ ಹಾಗೂ ಅಂಗಡಿಕಾರರ ಮುಂದೆ ಮಾಡಿದ ಭಾಷಣ)



ಇಂದು ನಾವು ಹೇಳಹೊರಟಿರುವುದು ದೂರದ ಫಿಲಿಪೈನ್ಸ್ ದೇಶದ ಸಂಗತಿ. ಹತ್ತಿ ಜಿನ್ನಿನಲ್ಲಿ ದುಡಿಯುವವರಿಗೂ ಪೇಟೆಯಲ್ಲಿ ಅಂಗಡಿ ಇಟ್ಟವರಿಗೂ ಅದರಿಂದೇನು ಎಂದು ಕೇಳಬಹುದು. ಧೂಳೆಂದರೇನು, ಬಾಡಿಗೆ ಚೀಟಿಯೆಂದರೇನು ಎಂಬುದು ನಿಮ್ಮಷ್ಟು ಚೆನ್ನಾಗಿ ಬೇರೆಯವರಿಗೆ ತಿಳಿಯದು. ಈ ಕಥೆಯಲ್ಲಿರುವುದು ಆ ಎರಡೇ.

ಅಲ್ಲಿನ ಲುಝಾನ್ ದ್ವೀಪದಲ್ಲಿ ಪಿನಟುಬೊ ಎಂಬ ಜ್ವಾಲಾಮುಖಿ. ಸುಮಾರು 500 ವರ್ಷ ಸುಮ್ಮನಿದ್ದ ಬೆಟ್ಟ. ಅದರಿಂದ ಪೂರ್ವಕ್ಕೆ ಹತ್ತು ಹದಿನೈದು ಮೈಲಿನಲ್ಲಿ ಅಮೆರಿಕದ ವಿಮಾನದಳದ ಕ್ಲಾರ್ಕ್ ನೆಲೆ. ನೈಋತ್ಯಕ್ಕೆ ಸಮುದ್ರದ ದಂಡೆಯಲ್ಲಿ ಸುಬಿಕ್ ನೌಕಾನೆಲೆ. 1947ರ ಕರಾರಿನಂತೆ ಇವು 99 ವರ್ಷಕ್ಕೆ ಕೊಟ್ಟ ಜಾಗಗಳು. 1966ರಲ್ಲಿ ಆ ಅವಧಿಯನ್ನು 1991ಕ್ಕೆ ಮುಗಿಯುವಂತೆ ಇಳಿಸಲಾಯಿತು. ವಿಯೆಟ್ನಾಂ ಯುದ್ಧದ ಸರಕು ಸಾಗಿದ್ದು ಈ ನೆಲೆಗಳ ಮೂಲಕ.

1991ರ ಏಪ್ರಿಲಿನಲ್ಲಿ ಬೆಟ್ಟ ಹೊಗೆಯುಗುಳತೊಡಗಿತು. ರೇಮುಂಡೊ ಪುನೋಂಗ್‌ಬಯಾನ್ ಅವರ ಮುಂದಾಳುತನದ ಫಿಲಿಪೈನ್ಸ್ ಜ್ವಾಲಾಮುಖಿ ಸಂಸ್ಥೆಯವರೂ ಅಮೆರಿಕದ ಭೂಗರ್ಭ ಇಲಾಖೆಯವರೂ ಕೂಡಿ ಕಾವಲು ಕೂತು ಮುನ್ಸೂಚನೆ ಕೊಟ್ಟರು. ಅವರನ್ನು ಮೆಚ್ಚಲೇಬೇಕು, ಸಾವಿರಾರು ಜೀವ ಉಳಿದವು. ಜೂನ್ 10ರಂದು ಕ್ಲಾರ್ಕಿನ ಸುಮಾರು 14,500 ಜನ ಸುಬಿಕ್ಕಿಗೆ ಹೊರಟರು. ಜೂನ್ 15ರಂದು ಬೆಟ್ಟ ಸಿಡಿಯಿತು. ಅದೇ ದಿನ ಯೂನ್ಯಾ ಎಂಬ ಚಂಡಮಾರುತವೂ ಬಂದು ಅಪ್ಪಳಿಸಿತು.

ಜ್ವಾಲಾಮುಖಿಯ ಬೂದಿ ನಮ್ಮ ಒಲೆಯ ಬೂದಿಯಲ್ಲ. ಅದು ಕಲ್ಲಿನ, ಗಾಜಿನ ಹಿಟ್ಟು. ನೀರಿನಲ್ಲಿ ಕರಗದು. ಯಂತ್ರದ ಬೇರಿಂಗಿನಲ್ಲಿ ಹೊಕ್ಕರೆ ಅರದಂತೆ ತಿನ್ನುತ್ತದೆ. ಒದ್ದೆಯಾಗಿ ವಿದ್ಯುತ್ ಕಂಬದ ಪಿಂಗಾಣಿಗೆ ಮೆತ್ತಿದರೆ ಅದರ ಮೇಲೆಯೇ ಕರೆಂಟು ಹರಿಯುತ್ತದೆ. ಮಳೆ ಕುಡಿದರೆ ತೂಕ ಎರಡು ಪಟ್ಟಿನವರೆಗೂ ಏರುತ್ತದೆ. ಮಣ್ಣಿನ ಮಾಳಿಗೆಯ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಡಿಮಳೆ ನಾಲ್ಕು ದಿನ ಹಿಡಿದರೆ ಮೇಲಿನ ಮಣ್ಣು ನೆನೆದು ತೊಲೆಗಳು ಹೇಗೆ ನರಳುತ್ತವೆಂಬುದನ್ನು ರಾತ್ರಿಯೆಲ್ಲ ಎದ್ದು ಕುಳಿತು ಕೇಳಿದವರು ನೀವು. ಅಲ್ಲಿ ಸತ್ತ 800ಕ್ಕೂ ಹೆಚ್ಚು ಜನರಲ್ಲಿ ಸುಮಾರು 300 ಜನ ಛಾವಣಿ ಕುಸಿದು ಸತ್ತವರು. ನಿರಾಶ್ರಿತರ ಶಿಬಿರಗಳಲ್ಲಿ ರೋಗ ಬಂದು ಸತ್ತವರು ಅದಕ್ಕೂ ಹೆಚ್ಚು. ಬಹುಮಂದಿ ಬೆಟ್ಟದ ಮೂಲನಿವಾಸಿಗಳಾದ ಆಯ್ತಾ ಜನ. ಈ ಸಾವುಗಳನ್ನೂ ಬೆಟ್ಟದ ಖಾತೆಗೇ ಬರೆದುಬಿಡುವುದು ನ್ಯಾಯವೇ?

ಸುಬಿಕ್‌ನಲ್ಲಿ ಸುಮಾರು ಒಂದು ಅಡಿ ಬೂದಿ. ಅಮೆರಿಕದ ಸಿಪಾಯಿಗಳೂ ಫಿಲಿಪೈನ್ಸಿನ ಕಾಮಗಾರರೂ ಸಲಿಕೆ ಹಿಡಿದರು. ಇಂಥ ಬೂದಿಯನ್ನು ನೀರು ಬಿಟ್ಟು ತೊಳೆಯುವಂತಿಲ್ಲ. ಗಟಾರಕ್ಕಿಳಿದು ಸಿಮೆಂಟಿನಂತೆ ಕೂಡ್ರುತ್ತದೆ. ಛಾವಣಿಯ ಒಂದೇ ಮಗ್ಗುಲನ್ನು ಬಳಿದರೆ ಭಾರ ವಾಲಿ ಇನ್ನೊಂದು ಮಗ್ಗುಲು ಕುಸಿದೀತು. ಹನಿ ನೀರು ಚಿಮುಕಿಸಿ, ಮುಖಕ್ಕೆ ಬಟ್ಟೆ ಕಟ್ಟಿ, ಎರಡೂ ಕಡೆಯಿಂದ ಸಮನಾಗಿ ಇಳಿಸಬೇಕು. ಒಟ್ಟಿದ ಗುಡ್ಡೆಯನ್ನು ಮುಚ್ಚದಿದ್ದರೆ ಗಾಳಿಗೆ ಎಲ್ಲವೂ ಮರಳಿ ಬರುತ್ತದೆ. ಜಿನ್ನಿನ ಧೂಳು ಉಂಡ ಎದೆಗಳಿಗೆ ಇದು ಅರ್ಥವಾದೀತು.

ಕ್ಲಾರ್ಕಿನ ದುರಸ್ತಿಗೆ ಹಣ ಸುರಿಯಲು ಅಮೆರಿಕ ಮನಸ್ಸು ಮಾಡಲಿಲ್ಲ. ಜುಲೈ ತಿಂಗಳಲ್ಲಿಯೇ ಅದನ್ನು ಬಿಟ್ಟುಕೊಡಲು ಒಪ್ಪಿತು. ಸುಬಿಕ್ಕನ್ನು ಉಳಿಸಿಕೊಳ್ಳುವ ಹೊಸ ಕರಾರನ್ನು ಸೆಪ್ಟೆಂಬರ್ 16ರಂದು ಫಿಲಿಪೈನ್ಸ್ ಸೆನೆಟ್ 12ಕ್ಕೆ 11 ಮತಗಳಿಂದ ತಳ್ಳಿಹಾಕಿತು. ನವೆಂಬರ್ 26ರಂದು ಕ್ಲಾರ್ಕ್, ಮರುವರ್ಷ ನವೆಂಬರ್ 24ರಂದು ಸುಬಿಕ್ ಆ ದೇಶದ ಕೈಗೆ ಬಂದವು. ಹತ್ತಾರು ಸಾವಿರ ಕಾಮಗಾರರ ಕೆಲಸವೂ ಹೋಯಿತೆಂಬುದನ್ನು ಮುಚ್ಚಿಡಬಾರದು. ಬೂದಿಯಲ್ಲಿ ಹೂತ ಕ್ಲಾರ್ಕನ್ನು ಕಳ್ಳರು ಸುಲಿದರು. ಸುಬಿಕ್‌ನಲ್ಲಿ ಹಾಗಾಗಲಿಲ್ಲ, ಪಕ್ಕದ ಊರಿನ ಮೇಯರ್ ರಿಚರ್ಡ್ ಗೋರ್ಡನ್ ಕರೆ ಕೊಟ್ಟಾಗ ಸಾವಿರಾರು ಜನ ಸಂಬಳವಿಲ್ಲದೆ ಬಂದು ಗುಡಿಸಿದರು, ಕಾವಲು ಕಾಯ್ದರು. ಇಂದು ಎರಡೂ ಕಡೆ ವಿಮಾನ ನಿಲ್ದಾಣ, ಕಾರಖಾನೆಗಳಿವೆ.

ಪರದಂಡು ಬಿಟ್ಟುಹೋದ ಹಾಳು ಎಂಥದೆಂದು ಕಿತ್ತೂರಿನವರು 1824ರಿಂದ ಕೋಟೆಯಲ್ಲಿ ನೋಡುತ್ತಲೇ ಇದ್ದಾರೆ. ಕ್ಲಾರ್ಕಿನ ಹಾಳು ಕಣ್ಣಿಗೆ ಕಾಣುವಂಥದಲ್ಲ. ಬೂದಿಯ ಕೆಳಗೆ ಇನ್ನೊಂದು ಕೊಳೆಯಿತ್ತು: ದಶಕಗಟ್ಟಲೆ ನೆಲಕ್ಕಿಳಿದ ಇಂಧನ, ಎಣ್ಣೆ, ರಸಾಯನ. 1992ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕತಪಾಸಣೆ ಕಚೇರಿಯೇ ವರದಿ ಕೊಟ್ಟಿತು: ನೆಲೆಗಳಲ್ಲಿ ಮಾಲಿನ್ಯವಿದೆ, ಆದರೆ ಅದನ್ನು ತೆಗೆಯುವ ಹೊಣೆ ಕರಾರಿನಲ್ಲಿಲ್ಲ. ಅಂಗಡಿ ಬಿಡುವಾಗ ಕಸ ತೆಗೆದುಕೊಡಬೇಕೆಂದು ಚೀಟಿಯಲ್ಲಿ ಬರೆಸದಿದ್ದರೆ ಮಾಲಿಕನೇ ಬಳಿಯಬೇಕು, ಅಷ್ಟೆ. ಇಲ್ಲಿ ಮಾಲಿಕನೆಂದರೆ ಮನೆ ಕಳೆದುಕೊಂಡ ಬಡವ. ಬೂದಿಕೆಸರಿನ ಪ್ರವಾಹಕ್ಕೆ ಊರು ಬಿಟ್ಟ ಸಾವಿರಾರು ಕುಟುಂಬಗಳನ್ನು ತಂದು ಕೂರಿಸಿದ್ದು ಕ್ಲಾರ್ಕಿನೊಳಗಣ ಲಷ್ಕರಿ ವಾಹನಗಳ ಅಂಗಳದಲ್ಲಿ. ಅಲ್ಲಿಯೇ ಬಾವಿ ತೋಡಿದರು, ಅದೇ ನೀರು ಕುಡಿದರು. ನೀರಿನ ಮೇಲೆ ಎಣ್ಣೆ ತೇಲುತ್ತಿತ್ತೆಂದು ಹೇಳಿದರು. ಮಕ್ಕಳ ಕಾಯಿಲೆಗಳ ದೂರು ಎದ್ದಿತು.

ಕೊಳೆಯನ್ನು ಅಳೆದಾದರೂ ನೋಡಿರೆಂದು ನೆಲೆಗಳ ಸುತ್ತಲಿನ ಜನ ಅಮೆರಿಕದ ಕೋರ್ಟಿನ ಮೆಟ್ಟಿಲೇರಿದರು. 2005ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು: ಮಾಲಿನ್ಯ ತೆಗೆಸುವ ತಮ್ಮ ಕಾಯಿದೆ ತಮ್ಮ ದೇಶದ ಗಡಿಯಾಚೆಗೆ ಅನ್ವಯಿಸುವುದಿಲ್ಲ.