ಬೀನ್ಸ್ ಗಿಡದ ಒಂದು ಅಪರಿಚಿತ ಜೀನ್



ನಾವು ಪಲ್ಯ ಮಾಡುವ ಬೀನ್ಸ್ ಮತ್ತು ರಾಜ್ಮಾ ಕಾಳು ಒಂದೇ ಪ್ರಭೇದದ ಸಸ್ಯದವು. ಅದರ ತವರು ಅಮೆರಿಕ ಖಂಡ. 2014ರಲ್ಲಿ ವಿಜ್ಞಾನಿಗಳು ಇದರ ಜೀನೋಮ್ ನಕ್ಷೆಯನ್ನು ಪ್ರಕಟಿಸಿದರು. 11 ಜೊತೆ ವರ್ಣತಂತುಗಳು, ಪ್ರೋಟೀನ್ ತಯಾರಿಸುವ ಸುಮಾರು 27 ಸಾವಿರ ಜೀನ್‌ಗಳು.

ಆ ಪಟ್ಟಿಯಲ್ಲಿ ಅನೇಕ ಕಡೆ 'ಕಾರ್ಯ ತಿಳಿಯದ ಪ್ರೋಟೀನ್' ಎಂದಷ್ಟೇ ಇದೆ. ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ. ಅದು ವಿಳಾಸವೇ ಹೊರತು ಕಸುಬಲ್ಲ. ಹಾಗಾದರೆ ಅದು ಜೀನ್ ಎಂದು ಗೊತ್ತಾದದ್ದು ಹೇಗೆ? ಡಿಎನ್‌ಎ ಅಕ್ಷರಗಳಲ್ಲಿ ಪ್ರೋಟೀನಿನ ಆರಂಭ, ಅಂತ್ಯಗಳ ಗುರುತನ್ನು ಕಂಪ್ಯೂಟರ್ ಹುಡುಕುತ್ತದೆ. ಗಿಡದಿಂದ ತೆಗೆದ ಆರ್‌ಎನ್‌ಎ ಅದಕ್ಕೆ ಹೊಂದಿದರೆ ನಂಬಿಕೆ ಬಲವಾಗುತ್ತದೆ.

ಅದರ ಕೆಲಸವನ್ನು ಮಾತ್ರ ಹೆಚ್ಚಾಗಿ ಹೋಲಿಕೆಯಿಂದಲೇ ಊಹಿಸುತ್ತಾರೆ. ಮುಖ ಹೋಲುತ್ತದೆ, ಇಂಥವರ ಮಗನಿರಬೇಕು ಎಂದ ಹಾಗೆ! ಹೋಲಿಸುವುದು ಬಹುತೇಕ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಗಿಡದೊಂದಿಗೆ. ತೊಡಕು ಇಲ್ಲೇ ಇದೆ. ಬೀನ್ಸ್ ಗಿಡದ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ನೆಲೆಸಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ರೈತನಿಗೆ ಅಷ್ಟು ಗೊಬ್ಬರ ಉಳಿಯಿತು. ಅರಾಬಿಡಾಪ್ಸಿಸ್‌ಗೆ ಆ ಗಂಟುಗಳೇ ಇಲ್ಲ. ಗಂಟಿನಲ್ಲಿ ಮಾತ್ರ ದುಡಿಯುವ ಜೀನ್‌ಗೆ ಅಲ್ಲಿ ಹೋಲಿಕೆ ಎಲ್ಲಿ ಸಿಗಬೇಕು?

ಆಗ ಜೀನನ್ನು ನಿಲ್ಲಿಸಿ, ಗಿಡಕ್ಕೆ ಏನಾಗುತ್ತದೆಂದು ನೋಡಬೇಕು. ಜೀನ್ ಬದಲಿಸಿದ ಕೋಶದಿಂದ ಇಡೀ ಬೀನ್ಸ್ ಗಿಡ ಬೆಳೆಸುವುದು ಬಲು ಕಷ್ಟ. ಬೇರನ್ನು ಮಾತ್ರ ಬದಲಿಸುವ ವಿಧಾನವಿದೆ. ಗಂಟಿನ ಜೀನ್‌ಗೆ ಅಷ್ಟು ಸಾಕು.

ಈ ಜೀನ್‌ಗಳ ಅಕ್ಷರಮಾಲೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಒಂದನ್ನು ಆರಿಸಿ, ಮೊದಲು ಸೋಯಾ ಅವರೆಯೊಂದಿಗೆ ಹೋಲಿಸಿ ನೋಡಿ. ಅದರ ಬೇರಿನಲ್ಲೂ ಗಂಟುಗಳಿವೆ.