ಯಂತ್ರದ ನಾದ, ಬಾಳಿನ ಶ್ರುತಿ

(ಅಂದೋಲಾ ಗ್ರಾಮದಲ್ಲಿ ಶ್ರಾವಣ ಮಾಸದಂದು ನಡೆದ ಸಂಗೀತ ಸಹಿತ ಪ್ರವಚನ)



ಗವಾಯಿಗಳು ಈಗತಾನೆ ಹಾಡಿ ಮುಗಿಸಿದರು. ನಾದ ನಿಂತರೂ ಅದರ ಗುಂಗು ನಿಮ್ಮ ಕಿವಿಯಲ್ಲಿ ಇನ್ನೂ ಇದೆ. ಅದು ಆರುವ ಮೊದಲೇ ಇಂದಿನ ವಿಷಯಕ್ಕೆ ಬರೋಣ. ವಿಜ್ಞಾನ, ಯಂತ್ರ ಮತ್ತು ನಮ್ಮ ನಿತ್ಯದ ಬಾಳು, ಇದೇ ಇಂದಿನ ವಿಷಯ. ಹೊಲಕ್ಕೆ ಟ್ರ್ಯಾಕ್ಟರು ಬಂತು, ತೊಗರಿಯ ರಾಶಿಗೆ ಮಶೀನು ಬಂತು, ಅಂಗೈಗೆ ಮೊಬೈಲು ಬಂತು. "ಅಪ್ಪೋರೆ, ಇವೆಲ್ಲ ಬಂದು ಮಂದಿ ಕೆಟ್ಟರಲ್ರಿ?" ಎಂದು ಹಿರಿಯರು ನಮ್ಮನ್ನು ಕೇಳುತ್ತಾರೆ. ಮಂದಿ ಕೆಡುವುದು ಯಂತ್ರದಿಂದಲೋ ಮತ್ತೊಂದರಿಂದಲೋ ಎಂಬುದನ್ನು ಸ್ವಲ್ಪ ವಿಚಾರಿಸಬೇಕು.

ಯಂತ್ರವೆಂಬ ಶಬ್ದ 'ಯಮ್' ಎಂಬ ಧಾತುವಿನಿಂದ ಬಂದುದು. ಯಮ್ ಎಂದರೆ ಅಂಕೆಯಲ್ಲಿಡು, ಹಿಡಿದು ನಿಲ್ಲಿಸು. ನಿಯಮ, ಸಂಯಮ, ನಿಯಂತ್ರಣ ಇವೆಲ್ಲವೂ ಅದೇ ತಾಯಿಯ ಮಕ್ಕಳು. ಆದುದರಿಂದ ಯಂತ್ರವೂ ಸಂಯಮವೂ ಒಡಹುಟ್ಟಿದವರು. ಅಣ್ಣನನ್ನು ಒಳಗೆ ಕರೆದು ತಂಗಿಯನ್ನು ಅಂಗಳದಲ್ಲಿ ನಿಲ್ಲಿಸಿದರೆ ಆ ಮನೆ ನಡೆದೀತೆ?

ಇಲ್ಲಿರುವ ಪೇಟಿಯನ್ನು ನೋಡಿರಿ. ಇದು ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. 1842ರಲ್ಲಿ ಪ್ಯಾರಿಸ್ ನಗರದಲ್ಲಿ ಅಲೆಕ್ಸಾಂಡರ್ ದೆಬೇನ್ ಎಂಬಾತನು ಹಕ್ಕುಪತ್ರ ಪಡೆದ ಹಾರ್ಮೋನಿಯಮ್ಮು ಇದರ ಹಿರಿಯ. ಅಲ್ಲಿ ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಗಾಳಿ ಒತ್ತುತ್ತಿದ್ದರು. ನಮ್ಮವರು ನೆಲದ ಮೇಲೆ ಕುಳಿತು ಹಾಡುವವರು. ಕೈಯಿಂದ ತಿದಿ ಒತ್ತುವ ಹಾಗೆ ಅದನ್ನು ಮಾಡಿಕೊಂಡರು. ಒಳಗಿನ ಲೋಹದ ತೆಳು ನಾಲಿಗೆಗಳು ಗಾಳಿಗೆ ಅಲುಗುತ್ತವೆ, ನಾದ ಹೊರಡುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಇದರಲ್ಲಿ ಬಾರದೆಂಬುದು ಬಲ್ಲವರ ಆಕ್ಷೇಪಣೆ. 1940ರಲ್ಲಿ ಆಕಾಶವಾಣಿಯೂ ಇದನ್ನು ಹೊರಗಿಟ್ಟಿತು. ಮೂರು ದಶಕಗಳಾದ ಮೇಲೆ ಆ ನಿಷೇಧ ಸಡಿಲಾಯಿತು. ಅಷ್ಟರಲ್ಲಿ ಪೇಟಿಯು ಊರೂರಿನ ಭಜನೆಯಲ್ಲಿ ಮನೆಮಗನಾಗಿತ್ತು. ಹೊರಗಿನಿಂದ ಬಂದುದೆಂದು ಯಾವ ಯಂತ್ರವನ್ನೂ ದೂರಬೇಕಾಗಿಲ್ಲ. ಅದನ್ನು ನಮ್ಮ ಶ್ರುತಿಗೆ ತಂದುಕೊಂಡೆವೋ ಇಲ್ಲವೋ ಎಂಬುದೇ ಪ್ರಶ್ನೆ.

ನಮ್ಮ ಭಾಗದ ಹಿರಿಯರಿಗೆ ನೆನಪಿರಬಹುದು. 1975ನೆಯ ಆಗಸ್ಟ್ 1ರಂದು ನಮ್ಮ ದೇಶದ ವಿಜ್ಞಾನಿಗಳು ದೊಡ್ಡದೊಂದು ಪ್ರಯೋಗ ಆರಂಭಿಸಿದರು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳಿಸಿದರು. ವಿಕ್ರಮ್ ಸಾರಾಭಾಯಿಯವರು ಕಂಡ ಕನಸು ಅದು. ನೋಡಲು ಅವರು ಇರಲಿಲ್ಲ, 1971ರಲ್ಲಿಯೇ ತೀರಿಕೊಂಡಿದ್ದರು. ಕರ್ನಾಟಕದಲ್ಲಿ ಆ ಭಾಗ್ಯ ದೊರೆತದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ. ಕೋಳಿಗೂಡಿಗೆ ಬಳಸುವಂಥ ತಂತಿಯ ಜಾಲರಿಯಿಂದ ಮಾಡಿದ ಛತ್ರಿಯೊಂದು. ಅದರ ಕೆಳಗೆ ಊರಿಗೆಲ್ಲ ಒಂದು ಪೆಟ್ಟಿಗೆ. ಒಕ್ಕಲುತನ, ಆರೋಗ್ಯ, ಮಕ್ಕಳ ಪಾಠ ಎಲ್ಲವೂ ಅದರಲ್ಲಿ ಬಂದವು. 1976ರ ಜುಲೈ 31ಕ್ಕೆ ಆ ಪ್ರಯೋಗ ಮುಗಿಯಿತು. ಸುಮಾರು 36 ಸಾವಿರ ಕಿಲೋಮೀಟರ್ ಮೇಲಿನಿಂದ ಕನ್ನಡದ ಮಾತು ಇಳಿದು ಬಂದು ಹಳ್ಳಿಯ ಒಕ್ಕಲಿಗನ ಕಿವಿಯನ್ನು ಮುಟ್ಟಿತು. ಇದು ಸಣ್ಣ ಮಾತಲ್ಲ. ವಿಜ್ಞಾನಿಯ ತಪಸ್ಸಿಗೆ ನಾವು ಕೈ ಮುಗಿಯಬೇಕು.

ಅಷ್ಟು ದೂರದ ಮಾತು ಕೇಳಿಸಿತು. ಆದರೆ ಎರಡು ಓಣಿ ಆಚೆಗಿನ ಮಾತು ಕೇಳಿಸದೆ ಹೋದ ಪ್ರಸಂಗವೊಂದಿದೆ. ಅದರ ತಪ್ಪು ನಮ್ಮದೇ.

ನಾವು ಪಟ್ಟಕ್ಕೆ ಬಂದ ಹೊಸತು. ಒಂದು ಊರಿನಲ್ಲಿ ಪುರಾಣ ಹಚ್ಚಿದ್ದೆವು. ಊರೆಲ್ಲ ಕೇಳಲಿ ಎಂದು ನಾಲ್ಕು ದಿಕ್ಕಿಗೆ ನಾಲ್ಕು ಹಾರನ್ನು ಕಟ್ಟಿಸಿದೆವು. ಮರುದಿನ ಮುಂಜಾನೆ ಒಬ್ಬ ಒಕ್ಕಲಿಗ ಬಂದು ಪಾದಕ್ಕೆರಗಿದ. "ಅಪ್ಪೋರೆ, ನಿನ್ನಿ ರಾತ್ರಿ ನಮ್ಮಪ್ಪ ಲಿಂಗೈಕ್ಯ ಆದ್ರು. ಜೀವ ಹೋಗೂ ಮುಂದ ಏನೋ ಹೇಳಬೇಕಂತ ಎರಡು ಸಲ ತುಟಿ ಅಲುಗಿಸಿದ್ರು. ಬಾಯಿಗೆ ಕಿವಿ ಹಚ್ಚಿದೆ. ಹಾರನ್ನಿನ ಸಪ್ಪಳದಾಗ ಕೇಳಸಲಿಲ್ರಿ" ಎಂದ. ಅಷ್ಟೇ ಹೇಳಿ ವಿಭೂತಿ ಬೇಡಿ ತೆಗೆದುಕೊಂಡು ಹೋದ. ಸಿಟ್ಟು ಮಾಡಿದ್ದರೆ ನಮಗೆ ಹಗುರಾಗುತ್ತಿತ್ತು. ಆ ರಾತ್ರಿ ಹಾರನ್ನಿನಲ್ಲಿ ನಾವು ಹೇಳುತ್ತಿದ್ದುದು ಕರುಣೆಯ ವಿಷಯ! ಅಂದೇ ಹಾರನ್ನು ಇಳಿಸಿದೆವು. ಆದರೆ ಆ ತಂದೆಯ ಮಾತು ಮಗನಿಗೆ ಮರಳಿ ಸಿಗಲಿಲ್ಲ.

ಯಂತ್ರ ತಪ್ಪು ಮಾಡಿತೆ? ಇಲ್ಲ. ಕೊಟ್ಟ ದನಿಯನ್ನು ದೊಡ್ಡದು ಮಾಡುವುದು ಅದರ ಧರ್ಮ. ಅದನ್ನು ಅದು ಮಾಡಿತು. ಎಲ್ಲಿಯವರೆಗೆ, ಯಾರಿಗಾಗಿ ಎಂದು ಕೇಳಬೇಕಾದವರು ನಾವು.

(ಇಲ್ಲಿ ಪೂಜ್ಯರ ಅಪ್ಪಣೆಯಂತೆ ತಬಲಾ ಮಾಸ್ತರರು ಬಲತಬಲಾದ ಮೇಲೆ ಒಂದೊಂದೇ ಪೆಟ್ಟು ನುಡಿಸಿ ತೋರಿಸಿದರು.)

ಕೇಳಿದಿರಲ್ಲ, ಪ್ರತಿ ಪೆಟ್ಟೂ ಷಡ್ಜಕ್ಕೆ ಕೂಡುತ್ತದೆ. ಬರಿಯ ಚರ್ಮವನ್ನು ಬಿಗಿದು ಬಾರಿಸಿದರೆ ಸಪ್ಪಳ ಬರುತ್ತದೆ. ಅದರೊಳಗಿನ ಉಪನಾದಗಳು ಒಂದಕ್ಕೊಂದು ಹೊಂದುವುದಿಲ್ಲ. ತಬಲಾದ ನಡುವೆ ಈ ಕಪ್ಪು ಬೊಟ್ಟು ಇದೆಯಲ್ಲ, ಇದಕ್ಕೆ ಶಾಯಿ ಎನ್ನುತ್ತಾರೆ. ಕಬ್ಬಿಣದ ಪುಡಿಯನ್ನು ಅಂಟಿನಲ್ಲಿ ಕಲಸಿ, ಪದರ ಪದರವಾಗಿ ಹಚ್ಚಿ, ಕಲ್ಲಿನಿಂದ ತಿಕ್ಕಿ ಇದನ್ನು ಕೂಡಿಸುತ್ತಾರೆ. ಸರ್ ಸಿ. ವಿ. ರಾಮನ್ ಅವರು ನಮ್ಮ ಮೃದಂಗ, ತಬಲಾಗಳನ್ನು ಪರೀಕ್ಷಿಸಿ 1920ರಲ್ಲಿ ಸಂಗಡಿಗರೊಬ್ಬರೊಡನೆಯೂ, 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ವಿಸ್ತಾರವಾಗಿಯೂ ಬರೆದರು. ನಡುವಿನ ಈ ಭಾರದಿಂದಾಗಿ ಉಪನಾದಗಳು ಮೂಲನಾದದ ಎರಡು, ಮೂರು, ನಾಲ್ಕು, ಐದು ಪಟ್ಟಿಗೆ ಬಂದು ನಿಲ್ಲುತ್ತವೆ. ಅದರಿಂದಲೇ ಸಪ್ಪಳವು ಸ್ವರವಾಗುತ್ತದೆ ಎಂದು ತೋರಿಸಿದರು. ಓದು ಬರಹ ಅರಿಯದ ಕುಶಲಕರ್ಮಿಯೂ ಕಿವಿಯಿಂದಲೇ ಕಂಡುಕೊಂಡುದನ್ನು ವಿಜ್ಞಾನಿಯು ಲೆಕ್ಕದಿಂದ ಕಂಡನು. ಕಾಯಕವೂ ವಿಜ್ಞಾನವೂ ಇಲ್ಲಿ ಕೈ ಕೂಡಿಸಿದವು.

ಮನುಷ್ಯನ ಮನಸ್ಸೂ ಬಿಗಿದ ಚರ್ಮದಂತೆ. ವಿಜ್ಞಾನ ಅದಕ್ಕೆ ಬಿಗುವು ಕೊಟ್ಟಿತು, ಪೆಟ್ಟಿಗೆ ಬಲ ಕೊಟ್ಟಿತು. ನಡುವೆ ತೂಕವಿಲ್ಲದಿದ್ದರೆ ಸಪ್ಪಳ ಹೆಚ್ಚಾದೀತೇ ಹೊರತು ಸ್ವರ ಹುಟ್ಟದು. ಆ ತೂಕ ಯಾವುದು? ನೆರೆಯವನ ನೋವು ನಮಗೆ ತಾಗುವ ಗುಣ. ಅದನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ದಿನಕ್ಕೊಂದು ಪದರದಂತೆ ನಾವೇ ಹಚ್ಚಿ, ನಾವೇ ತಿಕ್ಕಿಕೊಳ್ಳಬೇಕು.

ಆದ್ದರಿಂದ ಯಂತ್ರಗಳನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಪುಣೆಯಲ್ಲಿ ದುಡಿಯುವ ಮಗನ ಮುಖವನ್ನು ಜೇವರ್ಗಿಯ ಹಳ್ಳಿಯ ತಾಯಿಗೆ ತೋರಿಸುವ ಮೊಬೈಲು ಪುಣ್ಯವಂತ ಯಂತ್ರ. ಆದರೆ ಅದೇ ಮಗ ಜಾತ್ರೆಗೆ ಬಂದು, ತಾಯಿ ರೊಟ್ಟಿ ಬಡಿಯುತ್ತ ಮಾತಾಡಿಸುವಾಗ ಕಣ್ಣನ್ನು ಮೊಬೈಲಿನೊಳಗೇ ಇಟ್ಟು "ಹ್ಞೂಂ" ಎನ್ನುತ್ತಾನೆ. ದೂರವಿದ್ದಾಗ ಹತ್ತಿರವಾದವನು ಹತ್ತಿರ ಬಂದು ದೂರವಾದ. ಉಣ್ಣುವಾಗ, ಹಿರಿಯರು ಮಾತಾಡುವಾಗ, ಮಕ್ಕಳು ಪ್ರಶ್ನೆ ಕೇಳುವಾಗ ಅದನ್ನು ಮಾಡದಲ್ಲಿಡಿರಿ. ಇಷ್ಟೇ ನೇಮ.

ಶ್ರುತಿ ಎಂಬ ಮಾತಿಗೆ ಮೂಲದಲ್ಲಿ ಕೇಳುವುದು ಎಂದೇ ಅರ್ಥ. ಹಾಡುವವನು ಮೊದಲು ಕೇಳಬೇಕು, ಕೇಳದವನು ಹಾಡಲಾರ. ಈ ಸಭೆಯ ಧ್ವನಿವರ್ಧಕ ಇಂದಿಗೂ ಈ ಮಂಟಪವನ್ನು ದಾಟುವುದಿಲ್ಲ. ಕಾರಣವನ್ನು ನಿಮಗೆ ಹೇಳಿದ್ದೇವೆ. ಈಗ ಗವಾಯಿಗಳು ಧ್ವನಿವರ್ಧಕವಿಲ್ಲದೆ ಒಂದು ಪದ ಹಾಡುವರು. ಹಿಂದಿನವರಿಗೆ ಕೇಳಬೇಕಾದರೆ ಮುಂದಿನವರು ಸುಮ್ಮನಿರಬೇಕು. ಮನೆಗೆ ಹೋಗಿ ಇದೇ ಅಭ್ಯಾಸವನ್ನು ಮುಂದುವರಿಸಿರಿ.

 

(ಗವಾಯಿಗಳ ಭೈರವಿ ರಾಗದ ಹಾಡಿನೊಂದಿಗೆ ಸಭೆ ಮುಗಿಯಿತು.)